ಪೆಟ್ರೋಲಿಗೆ ಎಥೆನಾಲ್ ಬೆರೆಸಿದರೆ ಹೊಗೆಯ ವಿಷ ನಿಜವಾಗಿ ಕಮ್ಮಿಯಾಗುತ್ತದಾ?

ಕೆಲವು ಕಮ್ಮಿಯಾಗುತ್ತವೆ, ಎಲ್ಲವೂ ಅಲ್ಲ.

ಬದಿಯಡ್ಕದ ನಮ್ಮ ಹಳೆ ಮನೆಯಲ್ಲಿ ಚಿಮಿಣಿ ದೀಪ ಇಡುತ್ತಿದ್ದ ಗೂಡು ಈಗಲೂ ಕಪ್ಪಗಿದೆ. ಮುಟ್ಟಿದರೆ ಬೆರಳಿಗೆ ಮಸಿ. ಆದರೆ ಶಾಲೆಯ ಲ್ಯಾಬಿನ ಸ್ಪಿರಿಟ್ ದೀಪ (ಸ್ಪಿರಿಟ್ ಅಂದರೆ ಹೆಚ್ಚಾಗಿ ಎಥೆನಾಲೇ) ನೀಲಿಯಾಗಿ ಉರಿಯುತ್ತಿತ್ತು, ಮೇಲಿಟ್ಟ ಗಾಜಿನ ತಳ ಕಪ್ಪಾಗುತ್ತಿರಲಿಲ್ಲ. ನೀವೂ ನೋಡಿರುತ್ತೀರಿ, ಅಲ್ವಾ?

ಚಿಮಿಣಿ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಬರೀ ಇಂಗಾಲ, ಹೈಡ್ರೋಜನ್. ಗಾಳಿ ಸಾಲದ ಕಡೆ ಇಂಗಾಲದ ತುಂಡುಗಳು ಒಂದಕ್ಕೊಂದು ಸೇರಿ ಉಂಗುರವಾಗಿ, ಉಂಗುರಗಳು ಬೆಳೆದು ಮಸಿಯಾಗುತ್ತವೆ. ಎಥೆನಾಲ್‌ನ ತೂಕದಲ್ಲಿ ಸುಮಾರು 35% ಆಮ್ಲಜನಕವೇ ಇದೆ. ಅದಕ್ಕೆ ಅಂಟಿಕೊಂಡ ಇಂಗಾಲ ಹೆಚ್ಚಾಗಿ ಮಸಿಯ ದಾರಿ ಹಿಡಿಯದೆ ಕಾರ್ಬನ್ ಮೊನಾಕ್ಸೈಡ್ ಆಗಿ, ಮತ್ತೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ.

ಹಾಗಾಗಿ ಕಾರ್ಬನ್ ಮೊನಾಕ್ಸೈಡ್, ಅರೆಬೆಂದ ಹೈಡ್ರೋಕಾರ್ಬನ್ ಸಾಮಾನ್ಯವಾಗಿ ಇಳಿಯುತ್ತವೆ. ಹಳೆ ಕಾರ್ಬ್ಯುರೇಟರ್ ಸ್ಕೂಟರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊಸ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಇಂಜಿನ್ನೇ ಪೆಟ್ರೋಲ್ ಹದ ಮಾಡುತ್ತದೆ, ಲಾಭ ಅಷ್ಟಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಥೆನಾಲ್ ಅರ್ಧ ಉರಿದರೆ ಅಸಿಟಾಲ್ಡಿಹೈಡ್ ಹುಟ್ಟುತ್ತದೆ. ಕಣ್ಣು, ಗಂಟಲು ಉರಿಸುವ ಅನಿಲ ಅದು. ಹೊಗೆ ಕೊಳವೆಯಲ್ಲಿ ವಿಷಾನಿಲ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿದ್ದರೆ ಅದನ್ನು ಬಹುಪಾಲು ಸುಟ್ಟುಬಿಡುತ್ತದೆ, ಆದರೆ ಬೆಳಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿದಾಗ ಹೊರಗೆ ಬರುತ್ತದೆ. ಹೊಗೆಯಲ್ಲಿನ ಇನ್ನೊಂದು ಬಗೆಯ ವಿಷವಾದ ನೈಟ್ರೋಜನ್ ಆಕ್ಸೈಡ್‌ಗಳು ಉರಿಯ ಬಿಸಿಯನ್ನು ಅವಲಂಬಿಸಿವೆ. ಒಂದು ಇಂಜಿನ್ನಿನಲ್ಲಿ ಏರಬಹುದು, ಇನ್ನೊಂದರಲ್ಲಿ ಇಳಿಯಬಹುದು. ಡೀಸೆಲಿಗೆ ಬಯೋಡೀಸೆಲ್ (ಸಸ್ಯದ ಎಣ್ಣೆ, ಕೊಬ್ಬಿನಿಂದ ಮಾಡುವ ಇಂಧನ) ಬೆರೆಸಿದಾಗಲೂ ಮಸಿ ಇಳಿಯುತ್ತದೆ, ಈ ಆಕ್ಸೈಡುಗಳು ಮಾತ್ರ ಸಾಮಾನ್ಯವಾಗಿ ಸ್ವಲ್ಪ ಏರುತ್ತವೆ.

ಮೈಲೇಜ್ ಬಿದ್ದರೆ ಸುಮ್ನೆ ಮೆಕ್ಯಾನಿಕ್ಕನ್ನು ದೂರಬೇಡಿ. ಲೀಟರಿಗೆ ಎಥೆನಾಲ್ ಕೊಡುವ ಶಕ್ತಿಯೇ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ.