ಹಾಡು, ಕುಣಿತ, ಆಚರಣೆಗಳನ್ನು ವಸ್ತುಸಂಗ್ರಹಾಲಯ ಪ್ರಶ್ನಿಸಬಹುದೇ?

ಹಾಡು, ಕುಣಿತ, ಆಚರಣೆಗಳಂತಹ ಅಮೂರ್ತ ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು, ಹೀಗಿರುವಾಗ ವಸ್ತುಸಂಗ್ರಹಾಲಯ ಅದನ್ನು ತೋರಿಸುವುದು ಹೇಗೆ, ಪ್ರಶ್ನಿಸುವುದು ಹೇಗೆ ಎಂದು ಕೇಳಿದ್ದೀರಿ. ಪ್ರದರ್ಶನಗಳನ್ನು ರೂಪಿಸುವುದೇ ನನ್ನ ಕೆಲಸವಾದ್ದರಿಂದ ಕಂಡದ್ದನ್ನು ಹೇಳುತ್ತೇನೆ.

ಕುಣಿತದ ಮುಖವಾಡವೆಂದರೆ ಬಣ್ಣದ ಬದಿ ಕಾಣುವಂತೆ ಇಡುವುದು ವಾಡಿಕೆ. ಒಮ್ಮೆ ನಾವು ಅದನ್ನು ತಿರುಗಿಸಿ ಇಟ್ಟೆವು. ಹಣೆ ತಾಗುವ ಜಾಗ ಬೆವರು ಕುಡಿದು ಕಪ್ಪಾಗಿತ್ತು. ಹರಿದ ಹಳೆಯ ಬಟ್ಟೆಯ ಮೇಲೆ ಯಾರೋ ಸ್ಪಂಜಿನ ತುಂಡು ಅಂಟಿಸಿದ್ದರು. ಜನ ಹೆಚ್ಚು ಹೊತ್ತು ನಿಂತದ್ದು ಆ ಸ್ಪಂಜಿನ ಮುಂದೆಯೇ. ಇದನ್ನು ಕಟ್ಟಿಕೊಳ್ಳುತ್ತಿದ್ದವರು ಯಾರು? ಸ್ಪಂಜು ಹಾಕಿದರೆ ಸಂಪ್ರದಾಯ ಕೆಟ್ಟಂತೆಯೇ? ಹೆಂಗಸರು ಏಕೆ ಕಟ್ಟಿಕೊಳ್ಳುವುದಿಲ್ಲ? ನಾವು ಉತ್ತರ ಬರೆದು ಹಾಕಲಿಲ್ಲ, ಕುಣಿಯುವವರ ಮಾತನ್ನೇ ಕೇಳಿಸಿದೆವು. ಗುರುವಿನ ಮಾತಿಗೂ ಶಿಷ್ಯನ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಸಮುದಾಯಗಳು ಇಂತಹ ಪರಂಪರೆಯನ್ನು ಸತತವಾಗಿ ಮರುಸೃಷ್ಟಿಸುತ್ತಲೇ ಇರುತ್ತವೆ ಎಂದು ಅಮೂರ್ತ ಪರಂಪರೆಯ ರಕ್ಷಣೆಗಾಗಿ ಇರುವ ಯುನೆಸ್ಕೊದ 2003ರ ಒಡಂಬಡಿಕೆಯೇ ಹೇಳುತ್ತದೆ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಕಟ್ಟುತ್ತಾರೆ, ಉಳಿದು ಬರುವುದು ಬಡಗಿಯ ಕೈಗೆ ಗೊತ್ತಿರುವ ವಿದ್ಯೆ. ಆದ್ದರಿಂದ ‘ಅಸಲಿ ಯಾವುದು’ ಎಂದು ಹುಡುಕುತ್ತಾ ಕೂರುವ ಪ್ರದರ್ಶನ ನನಗೆ ಹಿಡಿಸುವುದಿಲ್ಲ. ಏನು ಬದಲಾಯಿತು, ಬದಲಿಸುವ ಅಧಿಕಾರ ಯಾರಿಗಿತ್ತು, ಯಾರನ್ನು ಹೊರಗಿಟ್ಟರು ಎಂದು ಅದು ಕೇಳಬೇಕು.

ಪರಂಪರೆ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗಿಬಿಡುವುದಿಲ್ಲ. ಬೆಲ್ಜಿಯಂನ ಆಲ್ಸ್ಟ್ ಪಟ್ಟಣದ ಕಾರ್ನಿವಲ್ 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತ್ತು. ಮೆರವಣಿಗೆಯಲ್ಲಿ ಯೆಹೂದಿಗಳನ್ನು ಹೀಯಾಳಿಸುವ ಬೊಂಬೆಗಳು ಕಾಣಿಸಿಕೊಂಡ ಮೇಲೆ, 2019ರ ಡಿಸೆಂಬರ್‌ನಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಈ ಬಗ್ಗೆ ಪ್ರದರ್ಶನ ಮಾಡುವುದಾದರೆ, ‘ಇದು ನಮ್ಮ ಊರಿನ ತಮಾಷೆ’ ಎನ್ನುವವರ ಮಾತಿನ ಪಕ್ಕದಲ್ಲೇ ಆ ತಮಾಷೆಗೆ ಗುರಿಯಾದವರ ಮಾತಿಗೂ ಅಷ್ಟೇ ಜಾಗ ಕೊಡಬೇಕು. ಇದು ಸುಲಭವಲ್ಲ, ಎರಡೂ ಕಡೆಯವರು ಮುನಿಸಿಕೊಳ್ಳುತ್ತಾರೆ. ಆದರೂ ಮಾಡಬೇಕು.

ಇನ್ನೊಂದು ಮುಖ್ಯ ವಿಷಯ. ಕಲಾವಿದರನ್ನು ಉದ್ಘಾಟನೆಯ ದಿನ ಕುಣಿಸಿ ಕಳುಹಿಸಬೇಡಿ. ಮೊದಲ ಸಭೆಗೇ ಕರೆಯಿರಿ, ಅವರ ಸಮಯಕ್ಕೆ ಸಂಭಾವನೆ ಕೊಡಿ, ಬೇಡ ಎನ್ನುವ ಹಕ್ಕನ್ನೂ ಕೊಡಿ. ನಮ್ಮಲ್ಲಿಗೆ ಬಂದವರು ಒಂದು ಹಾಡನ್ನು ಧ್ವನಿಮುದ್ರಿಸಬಾರದು ಎಂದರು. ಆ ಹಾಡಿಗಾಗಿ ಗೋಡೆಗೆ ಹಾಕಿದ್ದ ಹೆಡ್‌ಫೋನ್ ತೆಗೆದೆವು, ಕೊಕ್ಕೆಯನ್ನು ಹಾಗೆಯೇ ಬಿಟ್ಟು, ಏಕೆ ಕೇಳಿಸುವುದಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಅದರ ಕೆಳಗೆ ಬರೆದು ಹಾಕಿದೆವು.