ಪಿಜ್ಜಾದ ಮೇಲೆ ಬಾಳೆಹಣ್ಣು ಏಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸ್ವೀಡನ್ನಿನಲ್ಲಿರುವ ನನ್ನ ಮಗಳು ಅಲ್ಲಿಯ ಪಿಜ್ಜಾದ ಚಿತ್ರವೊಂದನ್ನು ಕಳುಹಿಸಿದ್ದಳು. ಅದರ ಮೇಲೆ ಬಾಳೆಹಣ್ಣಿನ ಬಿಲ್ಲೆಗಳಿದ್ದು, ಕರ್ರಿ ಪೌಡರ್ ಉದುರಿಸಿದ್ದರು. ನಮ್ಮೂರಿನಲ್ಲಿ ಪನೀರ್, ಕ್ಯಾಪ್ಸಿಕಂ ಹಾಕುತ್ತಾರೆ. ದೇಶದಿಂದ ದೇಶಕ್ಕೆ ಟಾಪಿಂಗ್ ಇಷ್ಟು ಬದಲಾಗುವುದೇಕೆ? ಇವುಗಳಲ್ಲಿ ಅಸಲಿ ಯಾವುದು?
– ದಾವಣಗೆರೆಯ ಓದುಗರು

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಅನುಕೂಲ. ಪಿಜ್ಜಾದ ತವರು ಇಟಲಿಯ ನೇಪಲ್ಸ್ ನಗರ. ಅಲ್ಲಿಯ ಸಂಪ್ರದಾಯಸ್ಥರು ಮುಖ್ಯವಾಗಿ ಎರಡು ಬಗೆಗಳನ್ನು ಎತ್ತಿಹಿಡಿಯುತ್ತಾರೆ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆಯಷ್ಟೇ ಇರುವ ಮರಿನಾರಾ ಒಂದು. ಟೊಮೆಟೊ, ಮೊಝರೆಲ್ಲಾ ಚೀಸ್, ಬೇಸಿಲ್ ಎಲೆಗಳ ಮಾರ್ಗರೀಟಾ ಇನ್ನೊಂದು. ಚೀಸ್ ಇಲ್ಲದಿದ್ದರೆ ಅದು ಪಿಜ್ಜಾವೇ ಅಲ್ಲ ಎಂದು ವಾದಿಸುವವರು, ಮರಿನಾರಾದಲ್ಲಿ ಚೀಸಿನ ಸುಳಿವೇ ಇಲ್ಲವೆಂಬುದನ್ನು ಗಮನಿಸಬೇಕು. 1889ರಲ್ಲಿ ರಫಾಯೆಲೆ ಎಸ್ಪೊಸಿತೊ ಎಂಬ ಬಾಣಸಿಗ ಇಟಲಿಯ ರಾಣಿ ಮಾರ್ಗರೀಟಾಳಿಗಾಗಿ ಎರಡನೆಯದನ್ನು ಮಾಡಿಕೊಟ್ಟನೆಂಬ ಕಥೆ ಬಹಳ ಪ್ರಸಿದ್ಧವಾದರೂ ಇತಿಹಾಸಕಾರರೆಲ್ಲರೂ ಅದನ್ನು ಒಪ್ಪುವುದಿಲ್ಲ.

ನೇಪಲ್ಸಿನ ಈ ಮಿತವ್ಯಯಕ್ಕೆ ರುಚಿಯಷ್ಟೇ ಕಾರಣವಲ್ಲ, ಒಲೆಯೂ ಕಾರಣ. ಅಲ್ಲಿಯ ಕಟ್ಟಿಗೆಯ ಗೂಡು ಒಲೆ 450 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾದಿರುತ್ತದೆ. ಅದರೊಳಗೆ ಇಟ್ಟ ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೆಂದು, ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು ಹೊರಬರುತ್ತದೆ. ಅಷ್ಟು ಹೊತ್ತಿನಲ್ಲಿ ಮೇಲೆ ರಾಶಿ ಹಾಕಿದ ಹಸಿ ತರಕಾರಿ ಬೇಯುವುದೂ ಇಲ್ಲ, ಅದರ ನೀರು ಆರುವುದೂ ಇಲ್ಲ. ಪಿಜ್ಜಾ ಕಡಲು ದಾಟಿ, ಕಡಿಮೆ ಕಾವಿನಲ್ಲಿ ಹತ್ತು ಹದಿನೈದು ನಿಮಿಷ ಬೇಯಿಸುವ ಒಲೆಗಳಿಗೂ ದಪ್ಪ ತಳದ ರೊಟ್ಟಿಗೂ ಒಗ್ಗಿಕೊಂಡ ಮೇಲೆ, ಮೇಲೆ ಏನನ್ನಾದರೂ ಹೇರಬಹುದು ಎಂಬ ಸ್ವಾತಂತ್ರ್ಯ ಅಡುಗೆಯವರಿಗೆ ಸಿಕ್ಕಿತು.

ಆ ಸ್ವಾತಂತ್ರ್ಯವನ್ನು ಯಾರು ಹೇಗೆ ಬಳಸಿಕೊಂಡರೆಂಬುದು ಆಯಾ ದೇಶಕ್ಕೆ ಬಂದು ನೆಲೆಸಿದವರನ್ನೂ ಅಲ್ಲಿಯ ಅಡುಗೆಮನೆಯ ದಾಸ್ತಾನನ್ನೂ ಅವಲಂಬಿಸಿದೆ. ಬ್ರೆಜಿಲ್ಲಿನ ಸಾವೊ ಪಾವ್ಲೊ ನಗರಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಟಲಿಯವರು ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದರು. ಇಂದು ಅಲ್ಲಿ ಬೇಯಿಸಿದ ಮೊಟ್ಟೆ, ಹ್ಯಾಮ್, ಈರುಳ್ಳಿ, ಆಲಿವ್ ಹಾಕಿದ್ದಕ್ಕೆ ಪೋರ್ಚುಗೀಸ್ ಪಿಜ್ಜಾ ಎನ್ನುತ್ತಾರೆ. ಎಳೆಎಳೆಯಾಗಿ ಬಿಡಿಸಿದ ಕೋಳಿಮಾಂಸದ ಜೊತೆಗೆ ಕತುಪಿರಿ ಎಂಬ ಬೆಣ್ಣೆಯಂಥ ಮೆತ್ತನೆಯ ಚೀಸನ್ನು ಹಾಕುವುದು ಮನೆಮಾತು. ಊಟದ ಕೊನೆಗೆ ಬಾಳೆಹಣ್ಣು ಮತ್ತು ದಾಲ್ಚಿನ್ನಿಯ ಸಿಹಿ ಪಿಜ್ಜಾವೂ ಬರುತ್ತದೆ. ಜಪಾನಿನಲ್ಲಿ ಸಿಹಿ ಜೋಳ, ಮೇಯನೇಸ್, ತೆರಿಯಾಕಿ (ಸಿಹಿ ಸೋಯಾ ಸಾಸ್ ಸವರಿದ) ಕೋಳಿ ಮತ್ತು ಸಮುದ್ರದ ಉತ್ಪನ್ನಗಳು ಸಾಮಾನ್ಯ.

ಸ್ವೀಡನ್ನಿನ ಸಂಗತಿ ಇನ್ನೂ ಸ್ವಾರಸ್ಯಕರ. ಅಲ್ಲಿಯ ಪಿಜ್ಜಾ ಅಂಗಡಿಗಳಲ್ಲಿ ಬಹಳಷ್ಟನ್ನು ನಡೆಸುತ್ತ ಬಂದಿರುವವರು ಟರ್ಕಿ ಮತ್ತು ಮಧ್ಯಪ್ರಾಚ್ಯದ ಕಡೆಯಿಂದ ವಲಸೆ ಬಂದವರು. ಹಾಗಾಗಿ ಕಬಾಬಿನ ತುಣುಕುಗಳನ್ನು ಹರಡಿ, ಅದರ ಮೇಲೆ ಬೆಳ್ಳುಳ್ಳಿಯ ಬಿಳಿ ಸಾಸ್ ಹಾಕಿ, ಉಪ್ಪಿನಕಾಯಿ ಮೆಣಸಿನಕಾಯಿಯೊಡನೆ ಕೊಡುವ ಕಬಾಬ್ ಪಿಜ್ಜಾ ಅಲ್ಲಿಯ ಅಚ್ಚುಮೆಚ್ಚಿನದು. ಪಕ್ಕಕ್ಕೆ ವಿನೆಗರ್‌ನಲ್ಲಿ ನೆನೆಸಿದ ಎಲೆಕೋಸಿನ ಪಲ್ಯದಂಥ ಸಲಾಡ್ ಇರಲೇಬೇಕು. ನಿಮ್ಮ ಮಗಳು ಕಳುಹಿಸಿದ ಬಾಳೆಹಣ್ಣು-ಕರ್ರಿ ಪೌಡರ್ ಜೋಡಿಯೂ ಇದೇ ಅಂಗಡಿಗಳ ಪಟ್ಟಿಯಲ್ಲಿ ಕಾಣುವಂಥದ್ದು. ಭಾರತದ ಹೆಸರಿನಲ್ಲಿ ಅಲ್ಲಿಗೆ ತಲುಪಿದ ಆ ಹಳದಿ ಪುಡಿಯನ್ನು ನಮ್ಮ ಯಾವ ಅಡುಗೆಮನೆಯೂ ತನ್ನದೆಂದು ಗುರುತಿಸಲಾರದು, ಅದು ಬೇರೆ ಮಾತು.

ಇನ್ನು ಭಾರತ. 1996ರಲ್ಲಿ ಪಿಜ್ಜಾ ಹಟ್ ದೇಶದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲಿಯೇ ತೆರೆಯಿತು. ಹಂದಿ ಮತ್ತು ದನದ ಮಾಂಸವನ್ನು ಬಹುಪಾಲು ಗಿರಾಕಿಗಳು ಮುಟ್ಟದ ಈ ನೆಲದಲ್ಲಿ, ಮಾಂಸದ ಜಾಗವನ್ನು ತುಂಬಲು ಮಸಾಲೆ ಸವರಿದ ಪನೀರ್ ಬಂತು; ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಜೈನ ಪಿಜ್ಜಾ ಬಂತು. ಕಡಲೆಬೇಳೆ, ತೊಗರಿಬೇಳೆ, ಕಾಯಿ ಎಂದು ಊರೂರಿಗೆ ಹೂರಣ ಬದಲಾದರೂ ಹೋಳಿಗೆಯ ಅಸಲಿತನವನ್ನು ನಾವು ಪ್ರಶ್ನಿಸುವುದಿಲ್ಲ. ಪಿಜ್ಜಾಕ್ಕೂ ಅದೇ ರಿಯಾಯಿತಿ ಕೊಡಬಹುದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಇಟಲಿ ಪ್ರವಾಸದಲ್ಲಿ ಪೆಪ್ಪರೋನಿ ಪಿಜ್ಜಾ ಕೇಳಿದ ನಮ್ಮ ಭಾವನವರಿಗೆ ಬರೀ ದೊಣ್ಣೆಮೆಣಸಿನಕಾಯಿ ಹಾಕಿ ಕೊಟ್ಟರಂತೆ. ಮೋಸವೇ?
– ಶಿರಸಿಯ ಓದುಗರು

ಉತ್ತರ: ಮೋಸವಲ್ಲ. ಇಟಾಲಿಯನ್ ಭಾಷೆಯಲ್ಲಿ ಪೆಪೆರೋನಿ ಎಂದರೆ ದೊಣ್ಣೆಮೆಣಸಿನಕಾಯಿಯೇ. ನಿಮ್ಮ ಭಾವನವರ ಮನಸ್ಸಿನಲ್ಲಿದ್ದ ಖಾರದ ಮಾಂಸದ ಬಿಲ್ಲೆ ಅಮೆರಿಕದಲ್ಲಿ ನೆಲೆಸಿದ ಇಟಾಲಿಯನ್ನರ ಸೃಷ್ಟಿ. ಅಲ್ಲಿ ಅದಕ್ಕಿಂತ ಜನಪ್ರಿಯ ಟಾಪಿಂಗ್ ಇನ್ನೊಂದಿಲ್ಲ. ಇಂಥದೇ ಗೊಂದಲ ಹವಾಯಿಯನ್ ಪಿಜ್ಜಾದ್ದು: ಅನಾನಸ್ ಹಾಕಿದ ಆ ಪಿಜ್ಜಾವನ್ನು 1962ರಲ್ಲಿ ಮಾಡಿದವರು ಗ್ರೀಸಿನಿಂದ ಕೆನಡಾಕ್ಕೆ ಬಂದು ನೆಲೆಸಿದ ಸ್ಯಾಮ್ ಪನೋಪೌಲೋಸ್. 2017ರಲ್ಲಿ ಐಸ್‌ಲೆಂಡಿನ ಅಧ್ಯಕ್ಷರು ಶಾಲಾ ಮಕ್ಕಳ ಮುಂದೆ, ಸಾಧ್ಯವಿದ್ದರೆ ಪಿಜ್ಜಾದ ಮೇಲೆ ಅನಾನಸನ್ನು ನಿಷೇಧಿಸುತ್ತಿದ್ದೆ ಎಂದು ಹೇಳಿ, ಗದ್ದಲವೆದ್ದ ಮೇಲೆ ತಮಗೆ ಅಂಥ ಅಧಿಕಾರವಿಲ್ಲವೆಂದು ಸ್ಪಷ್ಟನೆ ಕೊಡಬೇಕಾಯಿತು.

ಪ್ರಶ್ನೆ: ಮನೆಯಲ್ಲಿ ಮಾಡಿದ ಪಿಜ್ಜಾದ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಚೀಸಿನ ಬದಲು ತುರಿದ ಪನೀರ್ ಹಾಕಿದರೆ ಕರಗುವುದೂ ಇಲ್ಲ. ತಪ್ಪು ಎಲ್ಲಿದೆ?
– ಮೈಸೂರಿನ ಓದುಗರು

ಉತ್ತರ: ಪನೀರ್ ಕರಗದಿರುವುದು ನಿಮ್ಮ ತಪ್ಪಲ್ಲ. ಬಿಸಿ ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸಿದಾಗ, ಹಾಲಿನ ಪ್ರೋಟೀನುಗಳನ್ನು ಬೆಸೆದಿದ್ದ ಕ್ಯಾಲ್ಸಿಯಂ ಬಹುಮಟ್ಟಿಗೆ ಕಳಚಿಹೋಗುತ್ತದೆ. ಹಾಗೆ ಸಿಕ್ಕ ಗಟ್ಟಿ ಪದಾರ್ಥ ಬಿಸಿಯಲ್ಲಿ ಮೆತ್ತಗಾಗುವುದೇ ಹೊರತು ಹರಿಯುವುದಿಲ್ಲ. ಕಿಣ್ವದಿಂದ ಹೆಪ್ಪುಗಟ್ಟಿಸಿ, ಬಿಸಿನೀರಿನಲ್ಲಿ ಎಳೆದೆಳೆದು ನಾದಿದ ಮೊಝರೆಲ್ಲಾ ಮಾತ್ರ ಎಳೆ ಬಿಡುತ್ತದೆ. ಪನೀರನ್ನು ಚೀಸಿನ ಬದಲಿಗಲ್ಲ, ಚೀಸಿನ ಮೇಲೆ ತುಂಡುಗಳಾಗಿ ಇಡಿ.

ಹಸಿತನಕ್ಕೆ ಕಾರಣ ನೀರು. ಟೊಮೆಟೊ ಹೋಳುಗಳಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಸೋರಲು ಬಿಡಿ. ಕ್ಯಾಪ್ಸಿಕಂ, ಈರುಳ್ಳಿ, ಅಣಬೆಗಳನ್ನು ಬಾಣಲೆಯಲ್ಲಿ ನೀರಾರುವವರೆಗೆ ಬಾಡಿಸಿಕೊಳ್ಳಿ. ಡಬ್ಬಿಯ ಅನಾನಸನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಓವನ್ನನ್ನು ಅದರ ಗರಿಷ್ಠ ಕಾವಿಗೆ ತಂದು, ಬೋರಲು ಹಾಕಿದ ಕಬ್ಬಿಣದ ತಟ್ಟೆಯನ್ನು ಒಳಗೆ ಅರ್ಧ ಗಂಟೆ ಕಾಯಿಸಿ, ಪಿಜ್ಜಾವನ್ನು ಅದರ ಮೇಲೆಯೇ ಜಾರಿಸಿ. ಸಾಸ್ ಎರಡು ಚಮಚಕ್ಕಿಂತ ಹೆಚ್ಚು ಬೇಡ. ತಳದ ರೊಟ್ಟಿಯ ಬಣ್ಣ ಸಾಸಿನ ನಡುವೆ ಅಲ್ಲಲ್ಲಿ ಇಣುಕುತ್ತಿದ್ದರೆ ಅಳತೆ ಸರಿಯಾಗಿದೆ.