ಗಾಡಿ ನಡುಗಿತೆಂದು ಎಂಜಿನ್ ಬಿಚ್ಚಿಸಬೇಡಿ
(ಸ್ಕೂಟರ್, ಎಲೆಕ್ಟ್ರಿಕ್ ಸ್ಕೂಟರ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ)

ಪ್ರಶ್ನೆ: ನನ್ನ 110 ಸಿಸಿ ಸ್ಕೂಟರಿಗೆ ಆರು ವರ್ಷ, 28 ಸಾವಿರ ಕಿ.ಮೀ. ಓಡಿದೆ. ನಿಂತ ಕಡೆಯಿಂದ ಹೊರಡುವಾಗ ಗಡಗಡ ನಡುಗುತ್ತದೆ. ವೇಗ ಹಿಡಿದ ಮೇಲೆ ಏನೂ ಇಲ್ಲ. ‘ಎಂಜಿನ್ ಹೋಗಿದೆ, ಬೋರ್ ಮಾಡಿಸಬೇಕು’ ಅಂತಾರೆ ಮೆಕ್ಯಾನಿಕ್. ಮಾಡಿಸಲೇ?
– ಶಾಲಾ ಶಿಕ್ಷಕಿ, ಧಾರವಾಡ

ಉತ್ತರ: ಸದ್ಯಕ್ಕೆ ಬೇಡ ಮೇಡಂ. ಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದು. ಎಂಜಿನ್ ಸವೆದಿದ್ದರೆ ಅದು ಹೊರಡುವಾಗ ಮಾತ್ರ ಕಾಟ ಕೊಟ್ಟು ಆಮೇಲೆ ಸುಮ್ಮನಿರುವುದಿಲ್ಲ. ನೀವು ಹೇಳುತ್ತಿರುವುದು ಕ್ಲಚ್ಚಿನ ಲಕ್ಷಣ.

ಗಾಡಿಯ ಎಡಗಡೆ ಉದ್ದನೆಯ ಕವರ್ ಇದೆಯಲ್ಲ, ಅದರೊಳಗೆ ಮುಂದೆ ವೇರಿಯೇಟರ್, ಹಿಂದೆ ಕ್ಲಚ್, ಎರಡಕ್ಕೂ ನಡುವೆ ರಬ್ಬರ್ ಬೆಲ್ಟ್. ಎಂಜಿನ್ ವೇಗ ಏರಿದಂತೆ ವೇರಿಯೇಟರಿನ ರೋಲರ್‌ಗಳು ಹೊರಕ್ಕೆ ಸರಿದು ಪುಲ್ಲಿಯನ್ನು ಒತ್ತುತ್ತವೆ, ಬೆಲ್ಟ್ ಅಂಚಿನ ಕಡೆಗೆ ಏರುತ್ತದೆ. ಗೇರಿಲ್ಲದ ಗಾಡಿಗೆ ಗೇರ್ ಬದಲಾಗುವುದು ಹೀಗೆ. ಹಿಂದಿನ ಕ್ಲಚ್ ಶೂಗಳು ತಿರುಗುವ ರಭಸಕ್ಕೆ ಅಗಲಿ, ಸುತ್ತ ಇರುವ ಉಕ್ಕಿನ ಬಟ್ಟಲನ್ನು ಹಿಡಿದುಕೊಂಡಾಗ ಚಕ್ರ ತಿರುಗುತ್ತದೆ. ಶೂಗಳ ಮೈ ಹೊಳಪುಗಟ್ಟಿದ್ದರೆ ಅಥವಾ ಬಟ್ಟಲಿನ ಒಳಮೈ ಕಾದು ನೀಲಿಗಟ್ಟಿದ್ದರೆ ಒಂದೇ ಪಟ್ಟಿಗೆ ಹಿಡಿಯುವುದಿಲ್ಲ. ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ನಿಮಗೆ ಗೊತ್ತಾಗುವ ನಡುಕ ಅದೇ. ಏರಿನಲ್ಲಿ ನಿಂತಾಗ ಬ್ರೇಕ್ ಹಿಡಿದುಕೊಂಡೇ ರೇಸ್ ಕೊಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕ್ಲಚ್ ಸುಡುವುದು ಅಲ್ಲೇ.

ಕವರ್ ಬಿಚ್ಚುವಾಗ ನೀವೂ ಹತ್ತಿರ ನಿಂತು ನೋಡಿ. ಶೂ ದಪ್ಪ ಸಾಕಷ್ಟಿದ್ದರೆ ಮೈಯನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಧೂಳು ತೆಗೆದರೆ ನಡುಕ ಹೋಗುತ್ತದೆ. ಸವೆದಿದ್ದರೆ ಹೊಸ ಶೂ. ಬಟ್ಟಲಿನಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಅದನ್ನೂ ಬದಲಿಸಬೇಕು. ‘ಶಬ್ದ ಬರುತ್ತೆ’ ಅಂತ ಶೂಗಳಿಗೆ ಗ್ರೀಸ್ ಸವರುವ ಪುಣ್ಯಾತ್ಮರೂ ಇದ್ದಾರೆ, ಅಂಥವರ ಕೈಗೆ ಗಾಡಿ ಕೊಡಬೇಡಿ.

ಕವರ್ ತೆಗೆದಾಗ ಬೆಲ್ಟನ್ನೂ ನೋಡಿಬಿಡಿ. ಸಾಮಾನ್ಯವಾಗಿ 24 ಸಾವಿರ ಕಿ.ಮೀ. ಆಸುಪಾಸಿನಲ್ಲಿ ಬೆಲ್ಟ್ ಬದಲಿಸಬೇಕು, ನಿಮ್ಮದು ಅದನ್ನು ದಾಟಿದೆ. ಬೆಲ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿದರೆ ಹಲ್ಲುಗಳ ಬುಡದಲ್ಲಿ ಸಣ್ಣ ಬಿರುಕು ಕಾಣುತ್ತದೆ. ಬಿರುಕಿಲ್ಲದಿದ್ದರೂ ಅಗಲ ಸವೆದಿರಬಹುದು, ವರ್ನಿಯರ್ ಹಿಡಿದು ಅಳೆಯಲು ಹೇಳಿ. ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ರೋಲರ್‌ಗಳನ್ನು ಅಂಗೈಯಲ್ಲಿಟ್ಟು ಉರುಳಿಸಿ. ಒಂದು ಬದಿ ಚಪ್ಪಟೆಯಾಗಿದ್ದರೂ ಆರನ್ನೂ ಒಟ್ಟಿಗೇ ಬದಲಿಸಿ.

ಇನ್ನು ಬೋರ್ ವಿಚಾರ. ಸ್ಕೂಟರ್ ಎಂಜಿನ್ ಹಿಡಿಸುವುದೇ ಒಂದು ಲೀಟರಿಗಿಂತ ಕಡಿಮೆ ಆಯಿಲ್. ಎರಡು ಸರ್ವಿಸ್ ನಡುವೆ ಆಯಿಲ್ ಕಡ್ಡಿಯಲ್ಲಿ ಮಟ್ಟ ಕೆಳಗಿನ ಗುರುತಿಗೆ ಇಳಿದು, ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಬಂದರೆ ಆಗ ಬೋರಿನ ಮಾತು. ಅವೆರಡೂ ಇಲ್ಲವೇ? ನಿಮ್ಮ ದುಡ್ಡು ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ಪ್ರತಿ ಸರ್ವಿಸ್‌ಗೂ ಎಂಜಿನ್ ಫ್ಲಶ್, ಟೆಫ್ಲಾನ್ ಕೋಟಿಂಗ್, ಆಯಿಲ್ ಅಡಿಟಿವ್ ಅಂತ ಬಿಲ್ಲಿಗೆ ಸೇರಿಸುತ್ತಾರೆ. ಬೇಕಾ?
– ಓದುಗರು, ಮೈಸೂರು

ಉತ್ತರ: ಬೇಡ. ಮೂರೂ ಬೇಡ. ಆ ದುಡ್ಡಿಗೆ ಸರಿಯಾದ ಗ್ರೇಡಿನ ಆಯಿಲ್ ಹಾಕಿಸಿ, ಹಿಂದಿನ ಚಕ್ರದ ಪಕ್ಕದ ಗೇರ್ ಆಯಿಲನ್ನೂ ಬದಲಿಸಲು ಹೇಳಿ. ಅದನ್ನು ಬಹುಪಾಲು ಕಡೆ ಮರೆತೇಬಿಡುತ್ತಾರೆ. ಏರ್ ಫಿಲ್ಟರ್ ಎಣ್ಣೆ ಹೀರಿದ ಕಾಗದದ್ದಾದರೆ ಗಾಳಿ ಹೊಡೆದು ‘ಕ್ಲೀನ್’ ಮಾಡಿಸಬೇಡಿ. ಅದನ್ನು ಬದಲಿಸಬೇಕೇ ಹೊರತು ತೊಳೆಯುವಂತಿಲ್ಲ, ಊದುವಂತಿಲ್ಲ.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ಇನ್ನೆರಡು ತಿಂಗಳಿಗೆ ಮೂರು ವರ್ಷ, ವಾರಂಟಿಯೂ ಅಲ್ಲಿಗೆ ಮುಗಿಯುತ್ತದೆ. ಮೊದಲು ಒಂದು ಚಾರ್ಜಿಗೆ 95 ಕಿ.ಮೀ. ಓಡುತ್ತಿತ್ತು, ಈಗ 68. ಮಧ್ಯಾಹ್ನ ಊಟಕ್ಕೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. ಬ್ಯಾಟರಿ ಹೋಯಿತೇ?
– ವಕೀಲರು, ಕಲಬುರಗಿ

ಉತ್ತರ: ಹೋಗಿರಬಹುದು, ಹೋಗದೆಯೂ ಇರಬಹುದು. ಪತ್ತೆ ಮಾಡಲು ಈ ಎರಡು ತಿಂಗಳೇ ನಿಮಗಿರುವ ಸಮಯ.

ಪರದೆಯ ಮೇಲೆ ಕಾಣುವ ರೇಂಜ್ ನೀವು ಇತ್ತೀಚೆಗೆ ಓಡಿಸಿದ ರೀತಿ ನೋಡಿ ಗಾಡಿ ಮಾಡುವ ಅಂದಾಜು, ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ. ಮೊದಲು ಎರಡೂ ಟೈರಿಗೆ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ತುಂಬಿಸಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ವಿಚ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಬ್ರೇಕ್ ಪ್ಯಾಡ್ ಉಜ್ಜುತ್ತಿದೆಯೇ ನೋಡಿ. ಮೋಟಾರ್ ಚಕ್ರದೊಳಗೇ ಇದ್ದರೆ ಆಯಸ್ಕಾಂತದ ಸಣ್ಣ ತಡೆ ಸಹಜ, ಕರಕರ ಸದ್ದು ಸಹಜವಲ್ಲ.

ಆಮೇಲೆ ಸಾಕೆಟ್ಟಿಗೆ ಸಿಕ್ಕಿಸುವ ಯೂನಿಟ್ ಮೀಟರ್ ಒಂದನ್ನು ತನ್ನಿ. ನಿಮ್ಮ ಚಾರ್ಜರ್ ಎಳೆಯುವ ಆಂಪಿಯರ್ ತಡೆಯುವಂಥದ್ದೇ ಇರಲಿ. ಬ್ಯಾಟರಿ ಶೇ 20ಕ್ಕೆ ಇಳಿಯುವ ತನಕ ಓಡಿಸಿ, ಮೀಟರ್ ಮೂಲಕ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟೇ. ಬಳಕೆಗೆ ಸಿಗುವ ಸಾಮರ್ಥ್ಯ 3 ಯೂನಿಟ್ ಎಂದುಕೊಳ್ಳಿ (ಜಾಹೀರಾತಿನ ಅಂಕಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಮೋಸಹೋಗಬೇಡಿ). ಶೇ 80ರಷ್ಟು ತುಂಬಲು 2.4 ಯೂನಿಟ್ ಒಳಗೆ ಹೋಗಬೇಕು. ಚಾರ್ಜರ್ ಬಿಸಿಯಾಗಿ ಪೋಲಾಗುವುದೂ ಸೇರಿ ಮೀಟರಿನಲ್ಲಿ 2.7ರ ಹತ್ತಿರ ತೋರಿಸಬೇಕು. ಅಷ್ಟು ತೋರಿಸಿಯೂ ರೇಂಜ್ ಕಡಿಮೆಯಿದ್ದರೆ ಬ್ಯಾಟರಿ ಚೆನ್ನಾಗಿಯೇ ಇದೆ, ತಿನ್ನುತ್ತಿರುವುದು ಟೈರೋ ಬ್ರೇಕೋ ನಿಮ್ಮ ಬಲಗೈಯೋ. ಎರಡು ಯೂನಿಟ್ಟಿಗೇ ಗಾಡಿ ‘ಫುಲ್’ ಅಂದರೆ ಬ್ಯಾಟರಿ ಕುಗ್ಗಿದೆ.

95ರಿಂದ 68 ಅಂದರೆ ಉಳಿದದ್ದು ಸುಮಾರು ಶೇ 72. ಬ್ಯಾಟರಿ ಆರೋಗ್ಯ ಶೇ 70ಕ್ಕಿಂತ ಕೆಳಗಿಳಿದರೆ ಬದಲಿಸಿ ಕೊಡುವ ವಾರಂಟಿ ಹಲವು ಕಂಪನಿಗಳಲ್ಲಿದೆ. 8 ವರ್ಷ ಅಥವಾ 80 ಸಾವಿರ ಕಿ.ಮೀ. ತನಕದ ವಿಸ್ತರಿತ ವಾರಂಟಿಯೂ ಉಂಟು. ನಿಮ್ಮದರಲ್ಲಿ ಏನು ಬರೆದಿದೆ ಎಂದು ಓದುವುದು ನಿಮಗೆ ನಾನು ಹೇಳಿಕೊಡಬೇಕಾದ ಕೆಲಸವಲ್ಲ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ಕೇಳಿ, ಬಾಯಿಮಾತಿನಲ್ಲಿ ಬೇಡ, ದಿನಾಂಕ ಹಾಕಿದ ಕಾಗದದಲ್ಲಿ. ‘ನಾರ್ಮಲ್ ಇದೆ ಸರ್’ ಎಂಬ ಉತ್ತರಕ್ಕೆ ವಾರಂಟಿ ಮುಗಿದ ಮರುದಿನ ಬೆಲೆ ಇಲ್ಲ.

ಮಧ್ಯಾಹ್ನದ ಚಾರ್ಜಿಂಗ್ ಮಾತ್ರ ಇವತ್ತೇ ನಿಲ್ಲಿಸಿ. ನಿಮ್ಮೂರಿನ ಏಪ್ರಿಲ್–ಮೇ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ನಿಂತು, ಓಡಿ ಬಂದ ಬ್ಯಾಟರಿಗೆ ಕೂಡಲೇ ಚಾರ್ಜ್ ತುಂಬುವುದು ಅದರ ಆಯಸ್ಸು ಕಡಿಯುವ ನೇರ ದಾರಿ. ಕೆಲವು ಗಾಡಿಗಳು ತಾವೇ ಚಾರ್ಜ್ ನಿಧಾನ ಮಾಡುತ್ತವೆ, ಎಲ್ಲವೂ ಅಲ್ಲ. ರಾತ್ರಿ ಊಟ ಆದ ಮೇಲೆ ಹಾಕಿ. ದಿನದ ಓಡಾಟ ಕಡಿಮೆಯಿದ್ದರೆ ಶೇ 80–90ಕ್ಕೆ ನಿಲ್ಲಿಸಿದರೂ ಸಾಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳ ಬ್ಯಾಟರಿಯಾದರೆ ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಅದರ ಶೇಕಡಾ ಲೆಕ್ಕವೇ ತಪ್ಪುತ್ತದೆ. ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ ನೆರಳಲ್ಲಿ ನಿಲ್ಲಿಸಿ ಹೋಗಿ. ಸೊನ್ನೆಗೆ ಇಳಿಸಿ ತಿಂಗಳುಗಟ್ಟಲೆ ಬಿಟ್ಟರೆ ಯಾವ ವಾರಂಟಿಯೂ ಕಾಪಾಡುವುದಿಲ್ಲ.

ಪ್ರಶ್ನೆ: ಇ-ಸ್ಕೂಟರ್ ತಗೊಂಡರೆ ನಮ್ಮ ಗೃಹಜ್ಯೋತಿ ಹೋಗುತ್ತದಾ?
– ಗೃಹಿಣಿ, ತುಮಕೂರು

ಉತ್ತರ: ಒಳ್ಳೆಯ ಪ್ರಶ್ನೆ, ಶೋರೂಮಿನವರು ಇದನ್ನು ಹೇಳುವುದಿಲ್ಲ. ದಿನಕ್ಕೆ 30 ಕಿ.ಮೀ. ಓಡಿಸಿದರೆ ಒಂದು ಯೂನಿಟ್ಟಿಗೆ ಸ್ವಲ್ಪ ಮೇಲೆ, ತಿಂಗಳಿಗೆ 30–40 ಯೂನಿಟ್ ಹಿಡಿಯಿರಿ. ನಿಮ್ಮ ಬಿಲ್ಲಿನಲ್ಲಿ ಅರ್ಹ ಯೂನಿಟ್ (ನಿಮ್ಮ ಮನೆಗೆ ಉಚಿತವಾಗಿ ಸಿಗುವಷ್ಟು) ಎಷ್ಟೆಂದು ನೋಡಿ. ಅದನ್ನು ದಾಟಿದರೂ ಒಟ್ಟು ಬಳಕೆ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 170–180ರಲ್ಲಿ ಇರುವ ಮನೆಯವರು ಈ ಲೆಕ್ಕ ಹಾಕಿಯೇ ಮುಂದುವರಿಯಿರಿ. ಹಾಗೆ ಲೆಕ್ಕ ಹಾಕಿದರೂ ಪೆಟ್ರೋಲಿಗಿಂತ ಅಗ್ಗವೇ. ಚಾರ್ಜಿಂಗಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಮಾತ್ರ ಬೇಡ. ಅರ್ಥಿಂಗ್ ಸರಿಯಿರುವ ದಪ್ಪ ಪಿನ್ನಿನ ಪವರ್ ಸಾಕೆಟ್ಟನ್ನೇ ಹಾಕಿಸಿ.

ಪ್ರಶ್ನೆ: ಮಳೆಯಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಗಾಡಿ ನಿಂತುಹೋಯಿತು, ಸೀಟಿನ ಬುಡದವರೆಗೆ ನೀರಿತ್ತು. ಸೆಲ್ಫ್ ಒತ್ತಿದೆ, ‘ಟಕ್’ ಎಂದು ಸುಮ್ಮನಾಯಿತು. ಹೆಂಡತಿಯ ಇ-ಸ್ಕೂಟರೂ ಬೇಸ್‌ಮೆಂಟಿನಲ್ಲಿ ನೀರಲ್ಲಿ ನಿಂತಿತ್ತು.
– ಓದುಗರು, ಸರ್ಜಾಪುರ ರಸ್ತೆ, ಬೆಂಗಳೂರು

ಉತ್ತರ: ಆ ‘ಟಕ್’ ಒಳ್ಳೆಯ ಸದ್ದಲ್ಲ. ಸಿಲಿಂಡರಿನಲ್ಲಿ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಗಾಳಿಯಂತೆ ನೀರು ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇನ್ನು ಸೆಲ್ಫ್ ಒತ್ತಬೇಡಿ, ಕಿಕ್ಕರನ್ನೂ ತುಳಿಯಬೇಡಿ. ಗಾಡಿಯನ್ನು ಎತ್ತಿಸಿಕೊಂಡು ಹೋಗಿ ಪ್ಲಗ್ ಬಿಚ್ಚಿಸಿ, ಆ ತೂತಿನಿಂದ ನೀರು ಹೊರಹಾಕಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ ಹೊಸದು ಹಾಕಿ, ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಿ. ಎಡಗಡೆಯ ಬೆಲ್ಟ್ ಕವರ್ ಬಿಚ್ಚಿ ಒಣಗಿಸುವುದನ್ನು ಮರೆಯಬೇಡಿ, ಒದ್ದೆ ಬೆಲ್ಟ್ ಜಾರುತ್ತದೆ. ಬ್ರೇಕ್ ಡ್ರಮ್ ಒಳಗೂ ಕೆಸರು ಕೂತಿರುತ್ತದೆ.

ಇ-ಸ್ಕೂಟರಿನ ಬ್ಯಾಟರಿಗೆ ಐಪಿ67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ಅದು ಪ್ರಯೋಗಾಲಯದ ಶುದ್ಧ ನೀರು, ಹೊಸ ಬ್ಯಾಟರಿ. ರಾತ್ರಿಯಿಡೀ ಬೇಸ್‌ಮೆಂಟಿನ ಚರಂಡಿ ನೀರಿನಲ್ಲಿ ನಿಂತದ್ದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಚಾರ್ಜಿಗೂ ಹಾಕಬೇಡಿ, ಆನ್ ಕೂಡ ಮಾಡಬೇಡಿ. ಮನೆಯೊಳಗೆ ತರದೆ ಬಯಲಲ್ಲಿ ನಿಲ್ಲಿಸಿ ಕಂಪನಿಗೆ ಫೋನ್ ಮಾಡಿ. ಎರಡೂ ಗಾಡಿಯನ್ನು ಒರೆಸುವ ಮೊದಲು ಫೋಟೊ ತೆಗೆದು ವಿಮೆಯವರಿಗೆ ತಿಳಿಸಿ. ಥರ್ಡ್ ಪಾರ್ಟಿ ವಿಮೆಯಲ್ಲಿ ನೀರಿನ ಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ, ನಿಮ್ಮದೇ ಗಾಡಿಯ ಹಾನಿಗೆ ಕೊಡುವ ‘ಓನ್ ಡ್ಯಾಮೇಜ್’ ವಿಮೆ ಇರಬೇಕು. ಹೊಸ ಗಾಡಿಗೆ ಐದು ವರ್ಷದ ವಿಮೆ ಇದೆ ಎಂದು ನಂಬಿಕೊಂಡವರು ಬಹಳ ಮಂದಿ. ಕಡ್ಡಾಯ ಐದು ವರ್ಷದ್ದು ಥರ್ಡ್ ಪಾರ್ಟಿ ಮಾತ್ರ, ಓನ್ ಡ್ಯಾಮೇಜ್ ಬಹುತೇಕ ಒಂದೇ ವರ್ಷಕ್ಕೆ ಮುಗಿದಿರುತ್ತದೆ.

ಪ್ರಶ್ನೆ: ಅಪ್ಪ 1996ರಲ್ಲಿ ಕೊಂಡ ಬಜಾಜ್ ಚೇತಕ್ ನಾಲ್ಕು ವರ್ಷದಿಂದ ಮನೆ ಹಿಂದೆ ನಿಂತಿದೆ. ಮತ್ತೆ ಓಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಆರ್‌ಸಿಯಿಂದ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿರಬೇಕು, ಅದು ಆಗಿದೆಯೇ ನೋಡಿ. ಕಾಗದ ಸರಿಹೋಗದ ಗಾಡಿಗೆ ಸಾವಿರಾರು ರೂಪಾಯಿ ಸುರಿದು ಅಂಗಳದಲ್ಲೇ ನಿಲ್ಲಿಸಿಕೊಂಡವರನ್ನು ಕಂಡಿದ್ದೇನೆ.

ಆಮೇಲೆ ಗಾಡಿ. ಆತುರಕ್ಕೆ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಕಿಕ್ಕರನ್ನು ಕೈಯಲ್ಲೇ ನಿಧಾನ ಒತ್ತಿ, ಸಲೀಸಾಗಿ ತಿರುಗಬೇಕು. ಟ್ಯಾಂಕಿನ ಹಳೆಯ ಪೆಟ್ರೋಲು ಚೆಲ್ಲಿ ಒಳಗೆ ಟಾರ್ಚ್ ಹಾಯಿಸಿ, ಶಿವಮೊಗ್ಗದ ಮಳೆಗೆ ತುಕ್ಕು ಹಿಡಿಯದೆ ಇರಲಾರದು. ಕಾರ್ಬುರೇಟರ್ ಬಿಚ್ಚಿ ಜೆಟ್‌ಗಳ ತೂತು ಬಿಡಿಸಿ. ಪೆಟ್ರೋಲ್ ಪೈಪು, ವಾಷರ್ ಎಲ್ಲ ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ತೇವವನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ. ಗಾಡಿ ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಸುಟ್ಟು ತಾನೇ ಆಫ್ ಆಗಲು ಬಿಡಿ.

2ಟಿ ಆಯಿಲ್ ಲೀಟರ್ ಪೆಟ್ರೋಲಿಗೆ 20 ಮಿಲಿ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂದು ಕೆಲವರು ಸುರಿಯುತ್ತಾರೆ. ಪ್ಲಗ್ ಕರಿಗಟ್ಟುತ್ತದೆ, ಸೈಲೆನ್ಸರ್ ಕಟ್ಟಿಕೊಳ್ಳುತ್ತದೆ. ಸ್ಟಾರ್ಟ್ ಆದ ಮೇಲೆ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿ ಹೋಗಿದೆ ಎಂದೇ ತಿಳಿಯಿರಿ. ಆಗ ಎಂಜಿನ್ ಇಳಿಸಲೇಬೇಕು. ಧಾರವಾಡದ ಮೇಡಂಗೆ ಬೇಡ ಎಂದದ್ದು ನಿಮಗೆ ಬೇಕಾಗಬಹುದು. ಬ್ರೇಕ್ ಕೇಬಲ್, ಕ್ಲಚ್ ಕೇಬಲ್, ಎರಡೂ ಟೈರು, ಸ್ಟೆಪ್ನಿ ಹೊಸದಾಗಲಿ. ಹತ್ತು ಇಂಚಿನ ಟೈರು ಈಗಲೂ ಸಿಗುತ್ತದೆ. ಚೇತಕ್ ಬಿಚ್ಚಬಲ್ಲ ಕೈಗಳು ಮಾತ್ರ ಕಡಿಮೆಯಾಗುತ್ತಿವೆ. ಊರಿನ ಹಳೆಯ ಮೆಕ್ಯಾನಿಕ್ ಯಾರಾದರೂ ಇನ್ನೂ ಅಂಗಡಿ ತೆರೆಯುತ್ತಿದ್ದರೆ ಬಿಡಿಭಾಗ ಕೊಳ್ಳುವ ಮೊದಲೇ ಅವರನ್ನು ಕಂಡು ಬನ್ನಿ.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗಳಿಗೆ ಲೈಸೆನ್ಸ್ ಬೇಡದ ಇ-ಸ್ಕೂಟರ್ ನೋಡಿದೆವು. ಅಂಗಡಿಯವರು ‘ಒಂದು ವೈರ್ ಕಟ್ ಮಾಡಿದರೆ 45ರಲ್ಲಿ ಹೋಗುತ್ತೆ’ ಅಂದರು.
– ತಂದೆ, ದಾವಣಗೆರೆ

ಉತ್ತರ: ಆ ಅಂಗಡಿಯಿಂದ ಎದ್ದು ಬನ್ನಿ. 250 ವ್ಯಾಟ್ ಮೋಟಾರ್, ಗಂಟೆಗೆ 25 ಕಿ.ಮೀ. ಮಿತಿಯೊಳಗೆ ಇದ್ದರಷ್ಟೇ ನೋಂದಣಿ, ಲೈಸೆನ್ಸ್ ಬೇಡ. ವೈರ್ ಕತ್ತರಿಸಿದ ಕ್ಷಣದಿಂದ ಅದು ನಂಬರ್ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಜೇಬಿನಿಂದಲೇ. ಜೊತೆಗೆ ಅದರ ಬ್ರೇಕೂ ಚಾಸಿಯೂ 25ರ ವೇಗಕ್ಕೆ ಮಾಡಿದವು. ಬೇರೆ ಕಡೆ ನೋಡುವುದಾದರೆ ವಾಹನ ಪರೀಕ್ಷಿಸುವ ಸಂಸ್ಥೆಗಳಾದ ಎಆರ್‌ಎಐ ಅಥವಾ ಐಕ್ಯಾಟ್ ಪ್ರಮಾಣಪತ್ರ ಕೇಳಿ. ಬ್ಯಾಟರಿ ಸೀಸದ್ದೋ ಲಿಥಿಯಂದೋ, ವಾರಂಟಿ ಎಷ್ಟು ತಿಂಗಳು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮಗಳಿಗೆ 18 ತುಂಬಲು ಸ್ವಲ್ಪವೇ ಸಮಯ ಇದ್ದರೆ ಅಲ್ಲಿಯತನಕ ಕಾದು, ಲೈಸೆನ್ಸ್ ಮಾಡಿಸಿ, ನಂಬರ್ ಪ್ಲೇಟ್ ಇರುವ ಗಾಡಿಯನ್ನೇ ಕೊಡಿಸಿ.